ಟ್ರ್ಯಾಕ್‌ನಲ್ಲಿ ಸವಾರ ತೀರಿಕೊಂಡ ಮೇಲೆ: ಅಭಿಮಾನಿ ಏನು ಮಾಡಬೇಕು?

ಪ್ರಶ್ನೆ: ನನಗೆ 26 ವರ್ಷ, ಬೆಂಗಳೂರಿನಲ್ಲಿ ಕೆಲಸ. ಮೂರು ವಾರದ ಹಿಂದೆ ಯುರೋಪಿನ ಒಂದು ಬೈಕ್ ರೇಸನ್ನು ಫೋನಿನಲ್ಲಿ ಲೈವ್ ನೋಡುತ್ತಿದ್ದೆ. ನಾಲ್ಕು ವರ್ಷದಿಂದ ನಾನು ಒಂದು ರೇಸೂ ಬಿಡದೆ ನೋಡುತ್ತಿದ್ದ ಸವಾರ ನನ್ನ ಕಣ್ಣೆದುರೇ ಬಿದ್ದು ತೀರಿಕೊಂಡ. ಅಕ್ಕನ ಮಗ, 12 ವರ್ಷದವನು, ಪಕ್ಕದಲ್ಲೇ ಕೂತಿದ್ದ. ಅಂದಿನಿಂದ ಆ ಕ್ಲಿಪ್ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ರಾತ್ರಿ ಮೂರಾದರೂ ನಿದ್ದೆ ಬರುವುದಿಲ್ಲ. ಹಿಂದಿನಿಂದ ಬಂದು ಡಿಕ್ಕಿ ಹೊಡೆದ ಸವಾರನ ಪುಟಕ್ಕೆ ಹೋಗಿ ಬಾಯಿಗೆ ಬಂದಂತೆ ಬೈದು ಬಂದಿದ್ದೇನೆ. "ಎಲ್ಲಿಯವನೋ ಯಾರೋ ಸತ್ತರೆ ನಿನಗ್ಯಾಕೋ ಇಷ್ಟೊಂದು" ಅನ್ನುತ್ತಾರೆ ಅಮ್ಮ. ಮುಂದಿನ ಭಾನುವಾರ ನಮ್ಮ ಗುಂಪಿನವರು ಅವನ ನೆನಪಿಗೆ ನಂದಿ ಬೆಟ್ಟಕ್ಕೆ ರೈಡ್ ಇಟ್ಟುಕೊಂಡಿದ್ದಾರೆ. ಹೋಗಬಹುದೇ? ಇನ್ನು ರೇಸ್ ನೋಡುವುದೇ ತಪ್ಪೇ? ನನಗೇನಾದರೂ ಆಗಿದೆಯೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ನಿಮಗೆ ಆಗಿರುವುದು ದುಃಖ, ಅದರ ಜೊತೆಗೆ ಒಂದು ಆಘಾತ. ಎರಡೂ ಒಟ್ಟಿಗೆ ಬಂದಿರುವುದರಿಂದ ಒಂದು ಇನ್ನೊಂದನ್ನು ಕೆದಕುತ್ತಿದೆ. ದುಃಖಕ್ಕೆ ಅದರದೇ ಸಮಯ ಬೇಕು, ಅದನ್ನು ಅವಸರಪಡಿಸಲು ಆಗುವುದಿಲ್ಲ. ಆಘಾತದ ವಿಷಯ ಹಾಗಲ್ಲ. ಅದನ್ನು ದಿನದಿನವೂ ಹೊಸದಾಗಿಡುತ್ತಿರುವುದು ನಿಮ್ಮ ಕೈಯಲ್ಲಿರುವ ಫೋನ್. ಹಾಗಾಗಿ ಮೊದಲ ಕೆಲಸ ಅಲ್ಲಿಂದಲೇ ಆಗಬೇಕು.

ಕ್ಲಿಪ್ ಅಳಿಸಿ. ಗ್ಯಾಲರಿಯಿಂದ ಅಳಿಸಿದರೆ ಸಾಲದು, ಟ್ರ್ಯಾಶ್ ಫೋಲ್ಡರಿಗೆ ಹೋಗಿ ಅಲ್ಲಿಂದಲೂ ತೆಗೆಯಿರಿ. ಇಲ್ಲದಿದ್ದರೆ ರಾತ್ರಿ ಎರಡು ಗಂಟೆಗೆ ಅದನ್ನು ವಾಪಸ್ ತರುವುದು ಒಂದು ಬೆರಳಿನ ಕೆಲಸ. ವಾಟ್ಸ್‌ಆ್ಯಪ್‌ನಲ್ಲಿ ಸೆಟ್ಟಿಂಗ್ಸ್, ಸ್ಟೋರೇಜ್ ಆ್ಯಂಡ್ ಡೇಟಾ, ಮೀಡಿಯಾ ಆಟೋ ಡೌನ್‌ಲೋಡ್ ಎಂಬಲ್ಲಿಗೆ ಹೋಗಿ. ಆಂಡ್ರಾಯ್ಡ್ ಫೋನಿನಲ್ಲಿ ಮೊಬೈಲ್ ಡೇಟಾ, ವೈಫೈ, ರೋಮಿಂಗ್ ಎಂದು ಮೂರು ಕಡೆ ಬೇರೆ ಬೇರೆ ಟಿಕ್ ಇರುತ್ತದೆ. ಮೂರರಲ್ಲೂ ವಿಡಿಯೊ ಟಿಕ್ ತೆಗೆಯಬೇಕು. ಬಹಳ ಮಂದಿ ಮೊಬೈಲ್ ಡೇಟಾದ್ದು ಮಾತ್ರ ತೆಗೆದು ಸುಮ್ಮನಾಗುತ್ತಾರೆ. ಮನೆಗೆ ಬಂದು ವೈಫೈ ಸಿಕ್ಕಿದ್ದೇ ತಡ, ಗುಂಪಿನಲ್ಲಿ ಬಂದದ್ದೆಲ್ಲ ಇಳಿದು ಕೂತಿರುತ್ತದೆ. ಚಾಟ್ಸ್ ಒಳಗಿನ ಮೀಡಿಯಾ ವಿಸಿಬಿಲಿಟಿಯನ್ನೂ ಆಫ್ ಮಾಡಿ. ಯೂಟ್ಯೂಬ್‌ನ ವಾಚ್ ಹಿಸ್ಟರಿಯಿಂದ ಆ ರೇಸಿಗೆ ಸಂಬಂಧಿಸಿದ ವಿಡಿಯೊಗಳನ್ನು ತೆಗೆದು ಆಟೋಪ್ಲೇ ಆಫ್ ಮಾಡಿ. ಎಕ್ಸ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಸವಾರನ ಹೆಸರು, ಅವನ ನಂಬರ್, ಟ್ರ್ಯಾಕಿನ ಹೆಸರು, 'ಕ್ರ್ಯಾಶ್' ಎಂಬ ಪದ ಇವಿಷ್ಟನ್ನು ಮ್ಯೂಟ್ ಮಾಡಿ, ಎರಡು ತಿಂಗಳ ಮಟ್ಟಿಗೆ. ಅವನ ನೆನಪನ್ನು ದೂರ ತಳ್ಳುತ್ತಿದ್ದೇನೆ ಎಂದು ನಿಮಗೆ ಅನ್ನಿಸಬಹುದು. ಅವನು ಗೆದ್ದ ರೇಸುಗಳು, ಸಂದರ್ಶನಗಳು ಎಲ್ಲಿಗೂ ಹೋಗುವುದಿಲ್ಲ. ಅವುಗಳನ್ನು ನೀವೇ ಹುಡುಕಿ, ಹಗಲು ಹೊತ್ತಿನಲ್ಲಿ ನೋಡಿ.

ಕ್ಲಿಪ್ಪಿನ ವಿಷಯದಲ್ಲಿ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ನಂತರ ಅಮೆರಿಕದಲ್ಲಿ ಒಂದು ಅಧ್ಯಯನ ನಡೆಯಿತು. ಸ್ಫೋಟದ ನಂತರದ ವಾರದಲ್ಲಿ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಅದರ ಸುದ್ದಿ, ದೃಶ್ಯಗಳನ್ನು ನೋಡಿದವರಲ್ಲಿ, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತಲೂ ಹೆಚ್ಚಿನ ಆಘಾತದ ಲಕ್ಷಣಗಳು ಕಂಡವು. ಮೆದುಳು ಪ್ರತಿ ಸಲವೂ ಅದನ್ನು ಈಗಲೇ ನಡೆಯುತ್ತಿದೆ ಎಂಬಂತೆ ತೆಗೆದುಕೊಳ್ಳುತ್ತದೆ. 'ಈ ಸಲ ನೋಡಿದರೆ ಅರ್ಥವಾಗುತ್ತದೆ, ಈ ಸಲ ಅವನು ಎದ್ದು ನಿಲ್ಲುತ್ತಾನೆ' ಎಂಬ ಒಳಗಿನ ಹಟವೇ ಮತ್ತೆ ಮತ್ತೆ ಪ್ಲೇ ಒತ್ತಿಸುವುದು. ನಿಮಗೆ ನಿಜವಾಗಿ ಬೇಕಿರುವುದು ಏನಾಯಿತು, ಯಾಕಾಯಿತು ಎಂಬ ಉತ್ತರ. ಅದು ಹದಿನೈದು ಸೆಕೆಂಡಿನ ಕ್ಲಿಪ್ಪಿನಲ್ಲಿ ಸಿಗುವುದಿಲ್ಲ. ಇಂಥ ಅಪಘಾತ ನಡೆಯುವುದು ಹೇಗೆ ಎಂದು ಇಲ್ಲೇ ಬಿಡಿಸಿ ಹೇಳುತ್ತೇವೆ, ಹಿಂದಿನಿಂದ ಬಂದ ಸವಾರನ ಮೇಲಿನ ನಿಮ್ಮ ಕೋಪಕ್ಕೂ ಇದಕ್ಕೂ ನೇರ ಸಂಬಂಧ ಇರುವುದರಿಂದ.

ಇಂದಿನ ರೇಸ್ ಸೂಟು, ಹೆಲ್ಮೆಟ್ಟು, ಟ್ರ್ಯಾಕಿನ ಏರ್‌ಫೆನ್ಸ್ (ಗಾಳಿ ತುಂಬಿದ ತಡೆಗೋಡೆ), ಜಲ್ಲಿಯ ಹಾಸು ಎಲ್ಲವೂ ಒಬ್ಬನೇ ಬಿದ್ದು ಜಾರಿಕೊಂಡು ಹೋಗುವ ಸವಾರನಿಗಾಗಿ ಮಾಡಿದವು. 2018ರಿಂದ ಗ್ರ್ಯಾನ್ ಪ್ರಿ, ಅಂದರೆ ಬೈಕಿನ ವಿಶ್ವ ಚಾಂಪಿಯನ್‌ಷಿಪ್ ರೇಸುಗಳಲ್ಲಿ ಸೂಟಿನೊಳಗೆ ಏರ್‌ಬ್ಯಾಗ್ ಕಡ್ಡಾಯ. ಅದಕ್ಕೇ ಭಾರಿ ವೇಗದಲ್ಲಿ ಬಿದ್ದವರೂ ಎದ್ದು ಧೂಳು ಕೊಡವಿಕೊಂಡು ನಡೆದು ಹೋಗುವುದನ್ನು ನೀವು ವಾರವಾರ ನೋಡುತ್ತೀರಿ. ಬಿದ್ದವನು ಟ್ರ್ಯಾಕಿನ ಮೇಲೆಯೇ, ಓಡುವ ಗೆರೆಯಲ್ಲೇ ಉಳಿದುಬಿಟ್ಟು ಹಿಂದಿನ ಬೈಕು ಅವನಿಗೆ ಬಡಿದಾಗ ಈ ಯಾವ ರಕ್ಷಣೆಯೂ ಸಾಕಾಗುವುದಿಲ್ಲ. ಗ್ರ್ಯಾನ್ ಪ್ರಿಯ ಅತಿ ಮೇಲಿನ ತರಗತಿಯಾದ ಮೊಟೊಜಿಪಿಯ ಬೈಕಿನ ಕನಿಷ್ಠ ತೂಕವೇ 157 ಕೆಜಿ, ಮೇಲೆ ಸವಾರ ಬೇರೆ.

ಈಗ ಹಿಂದೆ ಬರುತ್ತಿರುವವನ ಜಾಗದಲ್ಲಿ ನಿಂತು ಲೆಕ್ಕ ಹಾಕಿ. ಗಂಟೆಗೆ 200 ಕಿಮೀ ಎಂದರೆ ಸೆಕೆಂಡಿಗೆ ಸುಮಾರು 55 ಮೀಟರ್. ಎದುರಿನದು ಕಂಡು, ಕೈ ಬ್ರೇಕ್ ಲಿವರ್ ಹಿಡಿಯುವುದಕ್ಕೆ ಅರ್ಧ ಸೆಕೆಂಡ್ ಬೇಕು ಎಂದಿಟ್ಟುಕೊಂಡರೂ ಅಷ್ಟರಲ್ಲಿ 27 ಮೀಟರ್ ದಾಟಿಯಾಯಿತು. ಸಣ್ಣ ಎಂಜಿನ್ನಿನ ತರಗತಿಗಳಲ್ಲಿ ಹತ್ತು ಹದಿನೈದು ಬೈಕುಗಳು ಒಂದರ ಗಾಳಿ ನೆರಳಿನಲ್ಲಿ ಒಂದು ಅಂಟಿಕೊಂಡು ಓಡುತ್ತವೆ, ನಡುವೆ ಇರುವುದು ಕೆಲವೇ ಮೀಟರ್. ಹಿಂದಿನವನಿಗೆ ಕಾಣುವುದು ಮುಂದಿನ ಬೈಕಿನ ಹಿಂಭಾಗ ಮಾತ್ರ. ಅದು ಪಕ್ಕಕ್ಕೆ ಸರಿದ ಮೇಲಷ್ಟೇ ಬಿದ್ದವನು ಕಾಣುತ್ತಾನೆ. ಬೈಕು ಪೂರ್ತಿ ವಾಲಿರುವಾಗ ಬ್ರೇಕ್ ಗಟ್ಟಿಯಾಗಿ ಹಿಡಿದರೆ ಮುಂದಿನ ಚಕ್ರ ಜಾರಿ ಅವನೂ ಬೀಳುತ್ತಾನೆ, ಬಿಟ್ಟರೆ ನೇರ ಹೋಗುತ್ತದೆ. ತಪ್ಪಿಸಿಕೊಳ್ಳುವ ದಾರಿ ಅವನಿಗೆ ಇರಲೇ ಇಲ್ಲ.

2011ರ ಅಕ್ಟೋಬರ್ 23ರಂದು ಮಲೇಷ್ಯಾದ ಸೆಪಾಂಗ್‌ನಲ್ಲಿ ಇಟಲಿಯ ಮೊಟೊಜಿಪಿ ಸವಾರ ಮಾರ್ಕೊ ಸಿಮೊನ್ಚೆಲ್ಲಿ ತೀರಿಕೊಂಡದ್ದು ಹೀಗೆಯೇ. ಎರಡನೇ ಲ್ಯಾಪ್, ಹನ್ನೊಂದನೇ ತಿರುವು, ಅಲ್ವಾರೊ ಬೌಟಿಸ್ಟಾ ಜೊತೆ ನಾಲ್ಕನೇ ಸ್ಥಾನಕ್ಕೆ ಪೈಪೋಟಿ. ಬೈಕು ಜಾರಿತು. ಸಾಮಾನ್ಯವಾಗಿ ಅಂಥ ಜಾರು ಸವಾರನನ್ನು ಟ್ರ್ಯಾಕಿನ ಹೊರಕ್ಕೆ ಒಯ್ಯುತ್ತದೆ. ಆ ದಿನ ಟೈರಿಗೆ ಮತ್ತೆ ಹಿಡಿತ ಸಿಕ್ಕಿ, ಬೈಕಿಗೆ ಇನ್ನೂ ಜೋತುಬಿದ್ದಿದ್ದ ಅವನನ್ನು ಅದು ಒಳಭಾಗಕ್ಕೆ, ಹಿಂದಿನವರ ದಾರಿಗೇ ಎಳೆದು ತಂದಿತು. ಕಾಲಿನ್ ಎಡ್ವರ್ಡ್ಸ್ ಮತ್ತು ವ್ಯಾಲೆಂಟಿನೊ ರೋಸ್ಸಿ ಇಬ್ಬರ ಬೈಕುಗಳೂ ಬಡಿದವು. ಅವನಿಗೆ 24 ವರ್ಷ. ಹಿಂದಿನ ಭಾನುವಾರವಷ್ಟೇ ಫಿಲಿಪ್ ಐಲೆಂಡ್‌ನಲ್ಲಿ ಎರಡನೆಯವನಾಗಿ ಬಂದಿದ್ದ. ಬಡಿದವರಲ್ಲಿ ಒಬ್ಬನಾದ ರೋಸ್ಸಿ ಅವನ ಆಪ್ತ ಗೆಳೆಯ. 2010ರ ಸೆಪ್ಟೆಂಬರ್ 5ರಂದು ಇಟಲಿಯ ಮಿಸಾನೊದಲ್ಲಿ ಜಪಾನಿನ ಶೋಯ ತೊಮಿಝಾವ ಬಿದ್ದು ತೀರಿಕೊಂಡಾಗ, ಹಿಂದಿನಿಂದ ಬಡಿದವರಲ್ಲಿ ಒಬ್ಬನಾದ ಸ್ಕಾಟ್ ರೆಡ್ಡಿಂಗ್‌ಗೆ ಇನ್ನೂ ಹದಿನೇಳು ವರ್ಷ. ಬದುಕಿರುವಷ್ಟು ದಿನವೂ ಹೊರಬೇಕಾದ ಭಾರ ಅದು.

ನೀವು ಬೈದದ್ದು ಅಂಥ ಒಬ್ಬನನ್ನು. ಆ ಕಾಮೆಂಟುಗಳನ್ನು ಇಂದೇ ಅಳಿಸಿ. ಕ್ಷಮೆ ಕೇಳಿ ಉದ್ದದ ಪತ್ರ ಬರೆಯಬೇಡಿ. ಅದು ಮತ್ತೊಮ್ಮೆ ಅವನ ಮುಂದೆ ಆ ಕ್ಷಣವನ್ನೇ ಹಿಡಿದಂತಾಗುತ್ತದೆ. ಸುಮ್ಮನೆ ಅಳಿಸಿದರೆ ಸಾಕು. ನಿಮ್ಮ ಗುಂಪಿನಲ್ಲಿ ಯಾರಾದರೂ ಅವನನ್ನು ಕೊಲೆಗಾರ ಎಂದರೆ, ಮೇಲಿನ ಲೆಕ್ಕವನ್ನು ಅಲ್ಲಿ ಹೇಳಿ. ಕೋಪಕ್ಕೆ ಒಂದು ಮುಖ ಬೇಕು ಎಂಬುದು ದುಃಖದ ಹಳೆಯ ಚಾಳಿ. ಆ ಮುಖ ಯಾರದ್ದಾದರೂ ಆಗಿಬಿಡಬಹುದು, ಕೊನೆಗೆ 'ನಾನು ನೋಡಿದ್ದರಿಂದಲೇ ಹೀಗಾಯಿತು' ಎಂದು ಕನ್ನಡಿಯಲ್ಲಿ ಕಾಣುವ ನಿಮ್ಮದೂ.

ಅಮ್ಮನ ಮಾತಿಗೆ ಬರೋಣ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಕಂಠೀರವ ಕ್ರೀಡಾಂಗಣದ ಮುಂದೆ ರಾತ್ರಿಯಿಡೀ ಸಾಲು ನಿಂತವರಲ್ಲಿ ಅವರ ನೆಂಟರು ಎಷ್ಟು ಮಂದಿ ಇದ್ದರು? ಎಷ್ಟೋ ಮನೆಗಳಲ್ಲಿ ಅಮ್ಮಂದಿರೇ ಅಂದು ಒಲೆ ಹಚ್ಚದೆ ಟಿ.ವಿ. ಮುಂದೆ ಕೂತು ಅತ್ತರು. ಅಮ್ಮನಿಗೆ ಆ ದಿನವನ್ನು ನೆನಪಿಸಿ, 'ನನಗೆ ಇವನು ಹಾಗಿದ್ದ' ಎಂದರೆ ಸಾಕು, ಬೇರೆ ವಾದ ಬೇಕಾಗುವುದಿಲ್ಲ. ನಮ್ಮನ್ನು ಅರಿಯದವರ ಜೊತೆ ನಮಗೆ ಬೆಳೆಯುವ ಈ ಒಂದು ಬದಿಯ ನಂಟನ್ನು ಸಮಾಜವಿಜ್ಞಾನಿಗಳು 1956ರಷ್ಟು ಹಿಂದೆಯೇ ಗುರುತಿಸಿ ಬರೆದಿದ್ದಾರೆ. ಅಳುವ ಹಕ್ಕು ನಿನಗಿಲ್ಲ ಎಂದು ಸುತ್ತಲಿನವರು ಹೇಳುವ ದುಃಖ ಒಳಗೇ ಉಳಿದು ಹೆಚ್ಚು ದಿನ ಕಾಡುತ್ತದೆ ಎಂಬುದನ್ನೂ ದುಃಖದ ಮೇಲೆ ಕೆಲಸ ಮಾಡಿದವರು ತೋರಿಸಿದ್ದಾರೆ. ಬೈಕ್ ರೇಸಿನ ಅಭಿಮಾನಿಗೆ ನಮ್ಮಲ್ಲಿ ಇದು ಇನ್ನೂ ಕಷ್ಟ. ಕ್ರಿಕೆಟ್ ಆಟಗಾರ ತೀರಿಕೊಂಡರೆ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ನಿಮ್ಮ ಸವಾರನ ಹೆಸರು ಪಕ್ಕದ ಸೀಟಿನವನಿಗೂ ಗೊತ್ತಿರುವುದಿಲ್ಲ. ಹಾಗಾಗಿ ಹೆಸರು ಗೊತ್ತಿರುವ ಒಬ್ಬನನ್ನಾದರೂ ಹುಡುಕಿ. ಗುಂಪಿನಲ್ಲಿ ಮೆಸೇಜು ಹಾಕುವುದು ಬೇರೆ, ಒಬ್ಬ ಗೆಳೆಯನ ಜೊತೆ ಕಾಫಿ ಕುಡಿಯುತ್ತಾ ಅರ್ಧ ಗಂಟೆ ಅವನ ಬಗ್ಗೆ ಮಾತಾಡುವುದು ಬೇರೆ. ಎರಡನೆಯದು ಬೇಕು ನಿಮಗೆ.

ಇನ್ನೊಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲ, ಆದರೂ ಕೇಳಲೇಬೇಕು. ನಿಮ್ಮ ಮನೆಯಲ್ಲೋ ಗೆಳೆಯರಲ್ಲೋ ಯಾರಾದರೂ ಬೈಕ್ ಅಪಘಾತದಲ್ಲಿ ಹೋಗಿದ್ದಾರೆಯೇ? 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ಸುಮಾರು 75 ಸಾವಿರ ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಅಂಥ ಸಾವು ಕಾಣದ ಬೀದಿ ನಮ್ಮಲ್ಲಿ ಕಡಿಮೆ. ದೂರದ ಸವಾರನಿಗಾಗಿ ಅಳು ಯಾಕೆ ನಿಲ್ಲುತ್ತಿಲ್ಲ ಎಂದು ಹುಡುಕುತ್ತಾ ಹೋದರೆ, ಎಷ್ಟೋ ಸಲ ಹತ್ತು ವರ್ಷದ ಹಿಂದೆ ಹೋದ ಚಿಕ್ಕಪ್ಪನೋ ಕಾಲೇಜಿನ ಸ್ನೇಹಿತನೋ ಎದುರಾಗುತ್ತಾರೆ. ನಿಮಗೂ ಹಾಗೆ ಅನ್ನಿಸಿದರೆ ಮನೆಯವರ ಜೊತೆ ಆ ಹಳೆಯ ಸಾವಿನ ಬಗ್ಗೆ ಮಾತಾಡಿ.

ರಾತ್ರಿಯ ವಿಚಾರ. ಹನ್ನೊಂದಕ್ಕೆ ಫೋನನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ. ಅಲಾರಂ ಬೇಕಿದ್ದರೆ ಇನ್ನೂರು ಮುನ್ನೂರು ರೂಪಾಯಿಯ ಗಡಿಯಾರ ತಂದುಕೊಳ್ಳಿ. ಮಲಗಿ ಇಪ್ಪತ್ತು ನಿಮಿಷದ ಹೊತ್ತಿಗೂ ನಿದ್ದೆ ಬರದಿದ್ದರೆ ಹಾಸಿಗೆಯಲ್ಲೇ ಹೊರಳಾಡಬೇಡಿ. ಎದ್ದು ಮಂದ ಬೆಳಕಿನಲ್ಲಿ ಕೂತು ಏನಾದರೂ ಓದಿ, ಕಣ್ಣು ಎಳೆದಾಗ ಮತ್ತೆ ಮಲಗಿ. ಬೆಳಿಗ್ಗೆ ಏಳುವ ಹೊತ್ತು ಮಾತ್ರ ಬದಲಾಗಬಾರದು, ಭಾನುವಾರವೂ. ಮಧ್ಯಾಹ್ನ ಎರಡರ ಮೇಲೆ ಕಾಫಿ, ಟೀ ಬೇಡ. ನಿದ್ದೆಗಾಗಿ ಕುಡಿಯುವುದಂತೂ ಬೇಡವೇ ಬೇಡ: ಬೇಗ ನಿದ್ದೆ ಬಂದರೂ ಮಧ್ಯರಾತ್ರಿ ಎಚ್ಚರವಾಗುತ್ತದೆ, ಆಗ ಕಾಣುವುದು ಅದೇ ತಿರುವು. ಮೆಡಿಕಲ್ ಶಾಪಿನಲ್ಲಿ ಕೇಳಿ ನಿದ್ದೆ ಮಾತ್ರೆ ತೆಗೆದುಕೊಳ್ಳಬೇಡಿ. ಆಘಾತದ ನಂತರದ ಮೊದಲ ತಿಂಗಳಲ್ಲಿ, ಆಘಾತದ ಲಕ್ಷಣಗಳಿಗೆಂದು ಬೆಂಜೊಡಯಾಜಪೈನ್ ಗುಂಪಿನ ನಿದ್ದೆ, ಆತಂಕದ ಮಾತ್ರೆ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ವೈದ್ಯರಿಗೆ ಹೇಳಿದೆ.

ಎಚ್ಚರವಿದ್ದಾಗ ದೃಶ್ಯ ತಾನಾಗಿ ಕಣ್ಣ ಮುಂದೆ ಬಂದರೆ, ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ, ಹೀಗೆ ಐದು ನಿಮಿಷ ಮಾಡಿ. ಹೊರಗೆ ಬಿಡುವ ಉಸಿರು ಉದ್ದವಾಗಿರಬೇಕು, ಎದೆಬಡಿತ ಇಳಿಯುವುದು ಅದರಿಂದ. ಬಿಡಿಬಿಡಿ ಆಕಾರಗಳನ್ನು ತಿರುಗಿಸಿ ಜೋಡಿಸುವ ಟೆಟ್ರಿಸ್ ಆಟದ ಮೇಲೂ ಕೆಲವು ಸಂಶೋಧನೆಗಳು ನಡೆದಿವೆ. ಆಘಾತವಾದ ಕೆಲವೇ ಗಂಟೆಗಳೊಳಗೆ, ನಡೆದದ್ದನ್ನು ಒಮ್ಮೆ ನೆನೆದು, ಆಮೇಲೆ ಸುಮಾರು ಇಪ್ಪತ್ತು ನಿಮಿಷ ಅದನ್ನು ಆಡಿದವರಲ್ಲಿ ಮುಂದಿನ ವಾರ ಹೀಗೆ ನುಗ್ಗಿ ಬರುವ ದೃಶ್ಯಗಳು ಕಡಿಮೆಯಾದವು. ಕಣ್ಣಿನ ಕಲ್ಪನೆಯ ಜಾಗವನ್ನು ಆಟ ಆಕ್ರಮಿಸುವುದರಿಂದ ದೃಶ್ಯ ಅಷ್ಟು ಗಟ್ಟಿಯಾಗಿ ಅಚ್ಚೊತ್ತುವುದಿಲ್ಲ ಎಂಬುದು ಅವರ ವಿವರಣೆ. ಮೂರು ವಾರದ ಮೇಲೆ ಅಷ್ಟೇ ಫಲ ಸಿಗುತ್ತದೆ ಎಂದು ಭರವಸೆ ಕೊಡಲಾಗದು, ಮಾಡಿ ನೋಡಿದರೆ ನಷ್ಟವಂತೂ ಇಲ್ಲ. ಮುಂದೆ ಎಂದಾದರೂ ಲೈವ್ ನೋಡುತ್ತಿರುವಾಗ ಇಂಥದ್ದು ನಡೆದರೆ ಇದು ನೆನಪಿರಲಿ. ಆಗ ಮಾಡಬೇಕಾದ ಇನ್ನೂ ಒಂದಿದೆ. ರೇಸ್ ನಿಲ್ಲಿಸುವ ಕೆಂಪು ಬಾವುಟ ಬಂದು, ಬಿದ್ದವನ ಸುತ್ತ ಪರದೆ ಹಿಡಿದು, ಕ್ಯಾಮೆರಾ ಬರೀ ಪಿಟ್ ಲೇನನ್ನೇ (ತಂಡಗಳ ಗ್ಯಾರೇಜಿನ ಮುಂದಿನ ದಾರಿ) ತೋರಿಸುತ್ತಾ, ರೀಪ್ಲೇ ಹಾಕದೆ ಹೊತ್ತು ಕಳೆಯುತ್ತಿದ್ದರೆ ಪರಿಸ್ಥಿತಿ ಗಂಭೀರ ಎಂದು ತಿಳಿದು ಲೈವ್ ನಿಲ್ಲಿಸಿ. ಗುಂಪಿನಲ್ಲಿ ಊಹೆ ಬರೆಯಬೇಡಿ. ಸಂಘಟಕರು ಮೊದಲು ಮನೆಯವರಿಗೆ ತಿಳಿಸಿ ಆಮೇಲೆ ಪ್ರಕಟಿಸುತ್ತಾರೆ. ಆ ಮಧ್ಯದ ಹೊತ್ತಿನಲ್ಲಿ ಹೆಸರು ಹರಿದಾಡಿದರೆ ಒಬ್ಬ ತಾಯಿಗೆ ಸುದ್ದಿ ಫೋನಿನ ನೋಟಿಫಿಕೇಶನ್‌ನಲ್ಲಿ ತಲುಪಬಹುದು.

ನಂದಿ ಬೆಟ್ಟದ ರೈಡಿಗೆ ಬರೋಣ. ನೀವು ಈಗಿನಂತೆ ಮೂರಕ್ಕೆ ಮಲಗುತ್ತಿದ್ದರೆ, ಬೈಕಿನಲ್ಲಿ ಹೋಗಬೇಡಿ. ಐದು ಗಂಟೆಗಿಂತ ಕಡಿಮೆ ಮಲಗಿದ ರಾತ್ರಿಯ ಮರುದಿನ ನಸುಕಿಗೆ ದೇವನಹಳ್ಳಿ ಕಡೆಯ ಹೆದ್ದಾರಿಯಲ್ಲಿ ಹ್ಯಾಂಡಲ್ ಹಿಡಿಯುವುದು ಅಪಾಯ. ಗೆಳೆಯರ ಕಾರಿನಲ್ಲಿ ಹೋಗಿ, ಹೋಗದೆ ಇರಬೇಡಿ. ಜೊತೆಗೆ ಇರುವುದೇ ಮುಖ್ಯ. ಗುಂಪಿನವರಿಗೂ ಕೆಲವು ಮಾತು ಹೇಳಿ. ಐದರಿಂದ ಏಳು ಬೈಕಿಗೆ ಒಂದು ತಂಡ, ಪ್ರತಿ ತಂಡದ ಮುಂದೊಬ್ಬ ಹಿಂದೊಬ್ಬ ಅನುಭವಿ. ಒಂದೇ ಗೆರೆಯಲ್ಲಿ ಬೇಡ, ಒಬ್ಬ ಲೇನಿನ ಎಡಕ್ಕೆ, ಮುಂದಿನವನು ಬಲಕ್ಕೆ, ಹೀಗೆ ಓರೆಯಾಗಿ. ತನ್ನದೇ ಗೆರೆಯ ಮುಂದಿನ ಬೈಕಿನಿಂದ ಎರಡು ಸೆಕೆಂಡಿನ ಅಂತರ. ಬೆಟ್ಟದ ತಿರುವುಗಳಲ್ಲಿ ಓರೆ ಸಾಲು ಬಿಟ್ಟು ಒಬ್ಬರ ಹಿಂದೊಬ್ಬರು, ಅಂತರ ಇನ್ನೂ ಹೆಚ್ಚು. ಕಪ್ಪು ಬಟ್ಟೆ, ಬಾವುಟ ಬೈಕಿಗೆ ಕಟ್ಟುವ ಆಸೆ ಯಾರಿಗಾದರೂ ಇದ್ದರೆ ತಡೆಯಿರಿ. ಗಾಳಿಗೆ ಬಿಚ್ಚಿಕೊಂಡ ಬಟ್ಟೆ ಚೈನಿಗೋ ಹಿಂದಿನ ಚಕ್ರಕ್ಕೋ ಸುತ್ತಿಕೊಂಡರೆ ಚಕ್ರ ಲಾಕ್ ಆಗುತ್ತದೆ. ಅವನ ನಂಬರಿನ ಸ್ಟಿಕ್ಕರು ಸಾಕು.

ಹೊರಡುವ ಮುಂಚೆ ಎಲ್ಲರ ಹೆಲ್ಮೆಟ್ಟು ಒಮ್ಮೆ ನೋಡಿ. ಸೆಪಾಂಗ್‌ನಲ್ಲಿ ಡಿಕ್ಕಿಯ ರಭಸಕ್ಕೆ ಸಿಮೊನ್ಚೆಲ್ಲಿಯ ಹೆಲ್ಮೆಟ್ ಕಳಚಿ ಉರುಳಿದ ಚಿತ್ರ ಎಷ್ಟೋ ಅಭಿಮಾನಿಗಳ ಮನಸ್ಸಿನಲ್ಲಿ ಇನ್ನೂ ಉಳಿದಿದೆ. ಅಂಥ ಹೊಡೆತ ರಸ್ತೆಯ ಲೆಕ್ಕದ್ದಲ್ಲ. ಆದರೆ ನಮ್ಮ ರಸ್ತೆಯಲ್ಲಿ ಸ್ಟ್ರಾಪ್ ಸಡಿಲವಿದ್ದ ಹೆಲ್ಮೆಟ್ ಸಣ್ಣ ಬೀಳುವಿಕೆಯಲ್ಲೇ ಕಳಚುತ್ತದೆ. ಪರೀಕ್ಷೆ ಸುಲಭ. ಹೆಲ್ಮೆಟ್ ಹಾಕಿ ಸ್ಟ್ರಾಪ್ ಬಿಗಿಯಿರಿ, ಗದ್ದದ ಕೆಳಗೆ ಎರಡು ಬೆರಳಿಗಿಂತ ಹೆಚ್ಚು ಹೋಗಬಾರದು. ಆಮೇಲೆ ಗೆಳೆಯನೊಬ್ಬ ಹಿಂದೆ ನಿಂತು, ಕುತ್ತಿಗೆಯ ಬಳಿಯ ಅಂಚಿಗೆ ಬೆರಳು ಹಾಕಿ ಮೇಲಕ್ಕೂ ಮುಂದಕ್ಕೂ ನಿಧಾನವಾಗಿ ಎತ್ತಲಿ. ಹಿಂಭಾಗ ಎದ್ದು ಹೆಲ್ಮೆಟ್ ಮುಖದ ಕಡೆಗೆ ಉರುಳಿ ಬಂದರೆ ಅದು ನಿಮ್ಮ ತಲೆಯ ಅಳತೆಯದಲ್ಲ, ಇಲ್ಲವೇ ಒಳಗಿನ ಪ್ಯಾಡು ಸವೆದಿದೆ. ಐಎಸ್‌ಐ ಗುರುತು ಇದೆಯೇ ನೋಡಿ. ಒಮ್ಮೆ ನೆಲಕ್ಕೆ ಬಲವಾಗಿ ಬಡಿದ ಹೆಲ್ಮೆಟ್ಟಿನ ಒಳಗಿನ ಥರ್ಮೋಕೋಲ್ ಪದರ ಅಲ್ಲಲ್ಲಿ ಕುಸಿದಿರುತ್ತದೆ, ಹೊರಗೆ ಗೆರೆಯೂ ಕಾಣದಿರಬಹುದು, ಅದನ್ನು ಬದಲಾಯಿಸಬೇಕು. ನೆನಪಿನ ಸಭೆಯಲ್ಲಿ ಇಷ್ಟೆಲ್ಲ ಯಾಕೆ ಎಂದು ಕೇಳಿದರೆ, ಕೈಗೆ ಕೆಲಸ ಸಿಕ್ಕಾಗ ದುಃಖ ತಡೆದುಕೊಳ್ಳುವ ಹಾಗಾಗುತ್ತದೆ ಎಂಬುದು ಒಂದು ಉತ್ತರ. ಅದರಿಂದ ಕ್ಷೇಮವಾಗಿ ಮನೆ ಸೇರುವ ಒಬ್ಬ ಗೆಳೆಯ ಇನ್ನೊಂದು ಉತ್ತರ.

ಅವನನ್ನು ನೆನೆಯುವುದಕ್ಕೆ ಒಂದು ಹೊತ್ತು, ಒಂದು ಜಾಗ ಗೊತ್ತು ಮಾಡಿಕೊಳ್ಳಿ. ಇಟಲಿಯಲ್ಲಿ ಸಿಮೊನ್ಚೆಲ್ಲಿಯ ಊರಾದ ಕೊರಿಯಾನೊದಲ್ಲಿ ಬೈಕಿನ ಎಕ್ಸಾಸ್ಟ್ ಪೈಪಿನ ಆಕಾರದ ಒಂದು ದೊಡ್ಡ ಸ್ಮಾರಕವಿದೆ. ಅವನ ನಂಬರು 58. ಪ್ರತಿ ಭಾನುವಾರ ಅದರ ಬಾಯಿಂದ 58 ಸೆಕೆಂಡು ಬೆಂಕಿ ಉರಿಯುತ್ತದೆ, ಆಮೇಲೆ ಆರುತ್ತದೆ. ವಾರದ ಉಳಿದ ಹೊತ್ತು ಊರು ತನ್ನ ಪಾಡಿಗೆ ಇರುತ್ತದೆ. ಅವನು ತೀರಿಕೊಂಡ ಎರಡು ವಾರಕ್ಕೆ ವೆಲೆನ್ಸಿಯಾದಲ್ಲಿ ನಡೆದ ವರ್ಷದ ಕೊನೆಯ ರೇಸಿನಲ್ಲಿ, ಒಂದು ನಿಮಿಷದ ಮೌನ ಬೇಡ, ಗದ್ದಲ ಮಾಡಿ ಎಂದು ಅವನ ತಂದೆ ಪಾವೊಲೊ ಕೇಳಿಕೊಂಡರು. ಹಿಂದಿನ ವಿಶ್ವ ಚಾಂಪಿಯನ್ ಕೆವಿನ್ ಶ್ವಾಂಟ್ಜ್ ಅವನ ಬೈಕನ್ನೇರಿ ಮುಂದೆ, ಮೂರೂ ತರಗತಿಯ ಸವಾರರು ಹಿಂದೆ ಒಂದು ಸುತ್ತು ಬಂದರು. ಆಮೇಲೆ ಎಂಜಿನ್ನುಗಳ ಅಬ್ಬರ, ಪಟಾಕಿ. ಅದೇ ತಂದೆ ಮುಂದೆ ಮಗನ ನಂಬರಿನ ಹೆಸರಲ್ಲೇ ಹುಡುಗರ ರೇಸ್ ತಂಡ ಕಟ್ಟಿದರು. 2019ರಲ್ಲಿ ಮಗನ ಹೆಸರಿಟ್ಟ ಮಿಸಾನೊ ಟ್ರ್ಯಾಕಿನಲ್ಲೇ ಆ ತಂಡದ ತತ್ಸುಕಿ ಸುಝುಕಿ ಸಣ್ಣ ಎಂಜಿನ್ನಿನ ತರಗತಿಯಾದ ಮೊಟೊ3ರ ರೇಸ್ ಗೆದ್ದ. ದಿನವಿಡೀ ಫೋನ್ ತಿರುವುತ್ತಾ ನೆನೆಯುವುದಕ್ಕಿಂತ, ವಾರಕ್ಕೊಮ್ಮೆ ಹತ್ತು ನಿಮಿಷ ಅವನ ಒಂದು ಒಳ್ಳೆಯ ಓಟ ನೋಡಿ, ಅನ್ನಿಸಿದ್ದನ್ನು ಎರಡು ಸಾಲು ಬರೆದಿಡಿ. ಹೊತ್ತು ಮುಗಿದ ಮೇಲೆ ಎದ್ದುಬಿಡಿ.

ರೇಸ್ ನೋಡುವುದು ತಪ್ಪೇ ಎಂಬ ಪ್ರಶ್ನೆಗೆ ಈಗಲೇ ಉತ್ತರ ತೀರ್ಮಾನಿಸಬೇಡಿ. 2021ರ ಮೇ 30ರಂದು ಇಟಲಿಯ ಮುಜೆಲ್ಲೊದಲ್ಲಿ, ಹಿಂದಿನ ದಿನ ಮೊಟೊ3 ಅರ್ಹತಾ ಸುತ್ತಿನಲ್ಲಿ ಬಿದ್ದಿದ್ದ 19ರ ಜೇಸನ್ ಡುಪಾಸ್ಕಿಯೆ ತೀರಿಕೊಂಡ ಸುದ್ದಿ ಬಂದು, ಒಂದು ನಿಮಿಷ ಮೌನ ನಿಂತು, ಅದರ ಬೆನ್ನಿಗೇ ಮೊಟೊಜಿಪಿ ರೇಸ್ ನಡೆಯಿತು. ಮುಂದಿದ್ದ ಫ್ರಾನ್ಚೆಸ್ಕೊ ಬನ್ಯಾಯ ಎರಡನೇ ಲ್ಯಾಪಿನಲ್ಲೇ ಬಿದ್ದರು; ತನಗೆ ಆ ದಿನ ರೇಸ್ ಮಾಡುವ ಮನಸ್ಸೇ ಇರಲಿಲ್ಲ ಎಂದು ಆಮೇಲೆ ಹೇಳಿದರು. ಗೆದ್ದ ಫಾಬಿಯೊ ಕ್ವಾರ್ಟರಾರೊ ಆ ಹುಡುಗನ ದೇಶವಾದ ಸ್ವಿಟ್ಜರ್‌ಲೆಂಡಿನ ಬಾವುಟ ಹಿಡಿದು ಪೋಡಿಯಂ ಹತ್ತಿದರು. ಒಂದೇ ಮಧ್ಯಾಹ್ನ, ಸವಾರರಲ್ಲೇ ಇಷ್ಟು ವ್ಯತ್ಯಾಸ. ನಿಮಗೆ ಗೊಂದಲವಾದರೆ ಆಶ್ಚರ್ಯವೇನು.

ಮುಂದಿನ ಸುತ್ತನ್ನು ಲೈವ್ ನೋಡಬೇಡಿ, ಫಲಿತಾಂಶ ಓದಿ ಬಿಡಿ. ಅದರ ಮುಂದಿನದಕ್ಕೆ, ಎಲ್ಲರೂ ಕ್ಷೇಮ ಎಂದು ತಿಳಿದ ಮೇಲೆ ಹೈಲೈಟ್ಸ್ ನೋಡಿ. ಆಮೇಲೆ ಒಂದು ರೇಸನ್ನು ಯಾರಾದರೂ ಜೊತೆಗಿರುವಾಗ, ಧ್ವನಿ ಕಡಿಮೆ ಇಟ್ಟು ಲೈವ್ ನೋಡಿ. ಮೊದಲ ಲ್ಯಾಪು ಕಷ್ಟವಾಗುತ್ತದೆ, ಎಲ್ಲರೂ ಗುಂಪಾಗಿ ಮೊದಲ ತಿರುವಿಗೆ ನುಗ್ಗುವ ಹೊತ್ತು ಅದು. ಬೇಕಿದ್ದರೆ ಅದನ್ನು ಬಿಟ್ಟು ಮೂರನೇ ಲ್ಯಾಪಿನಿಂದ ಶುರು ಮಾಡಿ. ಎರಡು ತಿಂಗಳ ಮೇಲೆ ಕೂತು ಯೋಚಿಸಿ. ಬಿಡಬೇಕು ಅನ್ನಿಸಿದರೆ ಬಿಡಿ, ಮುಂದುವರಿದರೆ ಅಪರಾಧವೆಂದು ಕೊರಗಬೇಡಿ.

ಒಂದು ಮಾತ್ರ ನಮ್ಮ ಖಚಿತ ಅಭಿಪ್ರಾಯ: ನೋಡುವವನಿಗೆ ಪ್ರಶ್ನೆ ಕೇಳುವ ಹೊಣೆಯೂ ಇದೆ. 2003ರಲ್ಲಿ ಜಪಾನಿನ ಸುಝುಕಾದಲ್ಲಿ ಸವಾರ ಡೈಜಿರೊ ಕಾಟೊ ಬಿದ್ದು ತೀರಿಕೊಂಡ ಮೇಲೆ ಆ ಟ್ರ್ಯಾಕ್ ಗ್ರ್ಯಾನ್ ಪ್ರಿ ಪಟ್ಟಿಯಿಂದ ಹೊರಬಿತ್ತು. 2016ರ ಜೂನ್ 3ರಂದು ಬಾರ್ಸಿಲೋನಾದಲ್ಲಿ ಲೂಯಿಸ್ ಸಲೋಮ್ ತೀರಿಕೊಂಡಾಗ ಆ ವಾರಾಂತ್ಯದೊಳಗೇ ತಿರುವಿನ ವಿನ್ಯಾಸ ಬದಲಾಯಿತು. 2021ರಲ್ಲಿ ಡುಪಾಸ್ಕಿಯೆ ಆದ ಮೇಲೆ 14ರ ಹ್ಯೂಗೊ ಮಿಲಾನ್, 15ರ ಡೀನ್ ಬೆರ್ಟಾ ವಿನ್ಯಾಲೆಸ್ ಹೋದರು, ನಾಲ್ಕೇ ತಿಂಗಳಲ್ಲಿ ಮೂವರು. ಆ ಅಕ್ಟೋಬರಿನಲ್ಲಿ ವಯಸ್ಸಿನ ಮಿತಿ ಏರಿಸುವುದಾಗಿ ಪ್ರಕಟಿಸಿದರು. 2023ರಿಂದ ಗ್ರ್ಯಾನ್ ಪ್ರಿ ವಿಶ್ವ ಚಾಂಪಿಯನ್‌ಷಿಪ್‌ಗೆ ಸಾಮಾನ್ಯ ಕನಿಷ್ಠ ವಯಸ್ಸು 18. ಕಿರಿಯರ ತರಗತಿಗಳಲ್ಲಿ ಒಟ್ಟಿಗೆ ಓಡುವ ಬೈಕುಗಳ ಸಂಖ್ಯೆಯನ್ನೂ ಇಳಿಸಿದರು. ಅದೇ 2023ರ ಆಗಸ್ಟ್ 5ರಂದು ಚೆನ್ನೈ ಬಳಿಯ ಮದ್ರಾಸ್ ಅಂತರರಾಷ್ಟ್ರೀಯ ಸರ್ಕ್ಯೂಟಿನಲ್ಲಿ, ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಹೊಸಬರ ರೇಸಿನಲ್ಲಿ, ನಮ್ಮ ಬೆಂಗಳೂರಿನ ಶ್ರೇಯಸ್ ಹರೀಶ್ ತೀರಿಕೊಂಡ. 13 ವರ್ಷ. ಅಂಥ ಮಗುವಿನ ಸಾವಿಗೆ ಅಳುವ ಅಭಿಮಾನಿ, ಎಷ್ಟು ವಯಸ್ಸಿನವರು, ಎಷ್ಟು ಸಿಸಿಯ ಬೈಕಿನಲ್ಲಿ, ಎಷ್ಟು ಮಂದಿ ಒಟ್ಟಿಗೆ, ತಿರುವಿಗೆ ಎಷ್ಟು ಮಾರ್ಷಲ್‌ಗಳ (ಟ್ರ್ಯಾಕಿನ ಬದಿಯಲ್ಲಿ ಬಾವುಟ ತೋರಿಸಿ, ಬಿದ್ದವರ ನೆರವಿಗೆ ಓಡುವವರು) ನಡುವೆ ಓಡುತ್ತಿದ್ದಾರೆ ಎಂದು ಪ್ರತಿ ರೇಸಿಗೂ ಕೇಳಬೇಕು. ಟ್ರ್ಯಾಕ್ ಮಾರ್ಷಲ್‌ಗಳು ಬಹುತೇಕ ಸ್ವಯಂಸೇವಕರೇ. ಮನಸ್ಸು ತಿಳಿಯಾದ ಮೇಲೆ ಸಂಘಟಕ ಕ್ಲಬ್ಬುಗಳಲ್ಲಿ ವಿಚಾರಿಸಿ ತರಬೇತಿಗೆ ಸೇರಿದರೆ, ನಿಮ್ಮ ಪ್ರೀತಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಲಾರದು.

ಅಕ್ಕನ ಮಗನನ್ನು ಮರೆಯಬೇಡಿ. ಅವನು ಏನೂ ಕೇಳದಿದ್ದರೆ ಮರೆತಿದ್ದಾನೆ ಎಂದಲ್ಲ, ಮಾಮನಿಗೆ ಬೇಜಾರಾಗುತ್ತದೆ ಎಂದು ಸುಮ್ಮನಿರಬಹುದು. ಅಕ್ಕನಿಗೆ ಮೊದಲು ತಿಳಿಸಿ, ಆಮೇಲೆ ಅವನ ಜೊತೆ ನೀವೇ ಮಾತು ತೆಗೆಯಿರಿ, ಮುಖಾಮುಖಿ ಕೂತು ಅಲ್ಲ, ನಡೆಯುತ್ತಲೋ ಬೈಕ್ ತೊಳೆಯುತ್ತಲೋ. "ಆವತ್ತು ನಾವಿಬ್ಬರೂ ನೋಡಿದ್ದು ನೆನಪಾಗುತ್ತಾ ನಿಂಗೆ?" ಎಂದು ಕೇಳಿ, ಅವನು ಹೇಳುವಷ್ಟು ಹೇಳಲಿ. ಆ ಕ್ಲಿಪ್ ಶಾಲೆಯಲ್ಲಿ ಬೇರೆ ಹುಡುಗರ ಫೋನಿನಲ್ಲೂ ನೋಡಿದ್ದಾನೆಯೇ ಎಂದು ವಿಚಾರಿಸಿ. 'ದೇವರ ಹತ್ತಿರ ಹೋದ' ಎಂದು ಸುತ್ತಿ ಬಳಸದೆ 'ಸತ್ತುಹೋದ' ಎಂದೇ ಹೇಳಿ. ನೋವಾಯಿತಾ ಎಂದು ಕೇಳಿದರೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಅವನ ಮನಸ್ಸಿನಲ್ಲಿರುವ ನಿಜವಾದ ಪ್ರಶ್ನೆ 'ನೀನೂ ಬೈಕ್ ಓಡಿಸ್ತೀಯಲ್ಲ, ನಿನಗೂ ಹಾಗಾಗುತ್ತಾ?' ಎಂಬುದು ಇರಬಹುದು. ನೀವು ಓಡಿಸುವ ವೇಗ, ಹಾಕುವ ಹೆಲ್ಮೆಟ್ ತೋರಿಸಿ ಉತ್ತರ ಕೊಡಿ, ಮತ್ತು ಆ ಉತ್ತರಕ್ಕೆ ತಕ್ಕಂತೆಯೇ ಓಡಿಸಿ.

ಇಷ್ಟೆಲ್ಲ ಮಾಡಿಯೂ, ಘಟನೆ ನಡೆದು ಒಂದು ತಿಂಗಳು ದಾಟಿದ ಮೇಲೂ ದೃಶ್ಯಗಳು ನುಗ್ಗುತ್ತಿದ್ದರೆ, ಕೆಟ್ಟ ಕನಸು ಬೀಳುತ್ತಿದ್ದರೆ, ಬೈಕಿನ ಸದ್ದಿಗೆ ಬೆಚ್ಚುತ್ತಿದ್ದರೆ, ಕೆಲಸಕ್ಕೆ ಹೋಗಲಾಗದಿದ್ದರೆ, ಕುಡಿತ ಹೆಚ್ಚಾದರೆ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಬದುಕು ಬೇಡ ಎಂಬ ಯೋಚನೆ ಒಮ್ಮೆ ಬಂದರೂ ತಿಂಗಳು ಕಾಯಬೇಡಿ, ಅದೇ ಗಳಿಗೆಯಲ್ಲಿ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕರೆ ಮಾಡಿದಾಗ, ಸತ್ತವನು ಬೈಕ್ ರೇಸಿನವನು, ನನ್ನ ಪರಿಚಯದವನಲ್ಲ ಎಂದು ಹೇಳಲು ಸಂಕೋಚಪಡಬೇಡಿ. ಎಷ್ಟು ದಿನದಿಂದ ನಿದ್ದೆ ಇಲ್ಲ, ದೃಶ್ಯ ದಿನಕ್ಕೆ ಎಷ್ಟು ಸಲ ಬರುತ್ತದೆ, ಊಟ ಹೇಗಿದೆ, ಹಿಂದೆ ಮನೆಯಲ್ಲಿ ಅಪಘಾತವಾಗಿತ್ತೇ, ಈ ನಾಲ್ಕನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮಾತು ಸುಲಭವಾಗುತ್ತದೆ.